ಸಮುದ್ರದ ನಕ್ಷೆಯಲ್ಲಿ ನಮ್ಮ ಬಲೆಯ ಜಾಗ: ಊರಿನವರೇ ಕೂತು ಮಾಡುವುದು ಹೇಗೆ

ಗದ್ದೆಗೆ ಪಹಣಿ ಇದೆ, ಸರ್ವೆ ನಂಬರ್ ಇದೆ, ಮೂಲೆಯಲ್ಲಿ ಬಾಂದುಕಲ್ಲು ಇದೆ. ಸಮುದ್ರಕ್ಕೆ ಇದ್ಯಾವುದೂ ಇಲ್ಲ. ಉತ್ತರ ಕನ್ನಡದ ಮಾಜಾಳಿಯಿಂದ ಭಟ್ಕಳದವರೆಗೆ ಯಾವ ಊರಿನ ದೋಣಿ ಎಲ್ಲಿ ಬಲೆ ಬಿಡುತ್ತದೆ, ಯಾರ ಯೆಂಡಿ ಬಲೆ ಯಾವ ಕಡಲತೀರದಲ್ಲಿ ಎಳೆಯಬೇಕು, ತಳ ಗುಡಿಸುತ್ತ ಬಲೆ ಎಳೆಯುವ ಟ್ರಾಲ್ ಬೋಟಿನವರು ಎಲ್ಲಿಂದ ಆಚೆ ಹೋಗಬೇಕು ಅನ್ನೋದೆಲ್ಲ ಬಾಯಿಮಾತಿನಲ್ಲೇ ನಡೆದುಕೊಂಡು ಬಂದಿದೆ. ನಮ್ಮೊಳಗೆ ಇದು ಸಾಕಾಗುತ್ತಿತ್ತು. ಹೊರಗಿನವರು ನಕ್ಷೆ ಹಿಡಿದುಕೊಂಡು ಬಂದಾಗ ಸಾಕಾಗುವುದಿಲ್ಲ. ಅವರ ಕಾಗದದ ಮೇಲೆ ನಮ್ಮ ಸಮುದ್ರ ಬರೀ ನೀಲಿ ಬಣ್ಣ, ಖಾಲಿ ಜಾಗ.

ಸಮುದ್ರದಲ್ಲಿ ಯಾವ ಕೆಲಸಕ್ಕೆ ಯಾವ ಜಾಗ ಅಂತ ಮೊದಲೇ ಗೆರೆ ಹಾಕಿಡುವುದಕ್ಕೆ ಸರ್ಕಾರಿ ಭಾಷೆಯಲ್ಲಿ ಮರೀನ್ ಸ್ಪೇಷಿಯಲ್ ಪ್ಲ್ಯಾನಿಂಗ್ ಅನ್ನುತ್ತಾರೆ. ಹಡಗಿನ ದಾರಿ, ನೌಕಾನೆಲೆ, ಬಂದರು, ಮೀನುಗಾರಿಕೆ, ಪಂಜರದ ಮೀನು ಸಾಕಣೆ, ಪ್ರವಾಸೋದ್ಯಮ, ಕೇಬಲ್, ಗಾಳಿ ವಿದ್ಯುತ್, ಇವೆಲ್ಲ ಒಂದೇ ನಕ್ಷೆಯ ಮೇಲೆ ಬರಬೇಕು. ಭಾರತ ಮತ್ತು ನಾರ್ವೆ 2019ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಪ್ರಯೋಗಕ್ಕೆ ಮೊದಲು ಆರಿಸಿದ್ದು ಪುದುಚೇರಿ ಮತ್ತು ಲಕ್ಷದ್ವೀಪವನ್ನು. ಸಮುದ್ರದ ಗಾಳಿ ವಿದ್ಯುತ್ತಿಗೆ ರಾಷ್ಟ್ರೀಯ ನೀತಿ ಬಂದಿದ್ದು 2015ರಲ್ಲಿ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 500 ಮೆಗಾವಾಟ್ ಗುಜರಾತಿಗೆ, 500 ತಮಿಳುನಾಡಿಗೆ. ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿಲ್ಲ.

ಹಾಗಾದ್ರೆ ನಮಗ್ಯಾಕೆ ಈಗಲೇ ಈ ತಲೆಬಿಸಿ? ಯಾಕೆಂದ್ರೆ ನಕ್ಷೆ ಬಂದ ಮೇಲೆ ಆಕ್ಷೇಪ ಹೇಳುವುದಕ್ಕೂ, ನಕ್ಷೆ ಹುಟ್ಟುವ ಮೊದಲೇ ನಮ್ಮ ಗೆರೆ ಅಲ್ಲಿ ಇರುವುದಕ್ಕೂ ಅಜಗಜಾಂತರ. ಸೀಬರ್ಡ್ ನೌಕಾನೆಲೆ ಯೋಜನೆಯಲ್ಲಿ ಬಿಣಗಾ, ಅರಗಾ ಕಡೆಯ ಕಡಲತೀರ ಹೋಗಿದ್ದು ನಮಗೆ ಗೊತ್ತು. ಕಾರವಾರ ಬಂದರು ವಿಸ್ತರಣೆ, ಕಾಸರಕೋಡು ಟೊಂಕ ಬಂದರು, ಕೇಣಿ ಬಂದರು ಅಂತ ಒಂದಾದ ಮೇಲೊಂದು ಗಲಾಟೆ ಆಗಿದ್ದೂ ಗೊತ್ತು. ಪ್ರತಿ ಸಲವೂ ನಾವು ಬೀದಿಗೆ ಇಳಿದು ಕೂಗಿದ್ದೇವೆ. ಕೂಗುವುದು ಬೇಡ ಅಂತಲ್ಲ, ಆದರೆ ಕೈಯಲ್ಲಿ ಒಂದು ಕಾಗದವೂ ಇದ್ದರೆ ಕೂಗಿಗೆ ತೂಕ ಬರುತ್ತದೆ. ಅಂದಹಾಗೆ ನಾನು ಗಾಳಿಯಂತ್ರದ ವಿರೋಧಿಯಲ್ಲ. ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳುವ ಪೈಕಿ, ಅಷ್ಟೇ.

ಇದನ್ನು ಓದಿ ಒಂದು ಊರಿನವರು ಕೂತು ಕೆಲಸ ಶುರುಮಾಡಬೇಕು ಅನ್ನುವ ಲೆಕ್ಕದಲ್ಲಿ ಬರೆದಿದ್ದೇನೆ.

ಮೊದಲು, ಯಾವ ನೀರು ಯಾರ ಕೈಯಲ್ಲಿದೆ ಅಂತ ತಿಳಿದುಕೊಳ್ಳಿ

ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಮೀನುಗಾರಿಕೆ ರಾಜ್ಯದ ವಿಷಯ. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ನಡೆಯುವುದು ಇಲ್ಲಿ. ಅದರಾಚೆ 200 ನಾಟಿಕಲ್ ಮೈಲಿವರೆಗೆ ಕೇಂದ್ರದ್ದು. ಇಷ್ಟು ಎಲ್ಲರಿಗೂ ಗೊತ್ತು.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ಸಂವಿಧಾನದ 297ನೇ ವಿಧಿ ಪ್ರಕಾರ ಸಮುದ್ರದ ತಳದ ನೆಲ ದಡದ ಹತ್ತಿರವಿದ್ದರೂ ಕೇಂದ್ರದ್ದೇ. ಅಂದರೆ ನೀರಿನಲ್ಲಿ ಓಡಾಡುವ ಬಂಗಡೆಯ ಬಗ್ಗೆ ಬೆಂಗಳೂರು ಕಾನೂನು ಮಾಡುತ್ತದೆ, ಅದೇ ನೀರಿನ ಕೆಳಗೆ ಕಂಬ ಹುಗಿಯುವ ಜಾಗ ದೆಹಲಿಯದು. ಗಾಳಿ ವಿದ್ಯುತ್ ಕಂಪನಿಗಳಿಗೆ ಸಮುದ್ರತಳ ಗುತ್ತಿಗೆ ಕೊಡಲು ಕೇಂದ್ರ 2023ರ ಡಿಸೆಂಬರ್‌ನಲ್ಲಿ ನಿಯಮ ಹೊರಡಿಸಿದೆ. ನವೀಕರಿಸಬಹುದಾದ ಇಂಧನ ಸಚಿವಾಲಯದ ಪರವಾಗಿ ಈ ಕೆಲಸ ನೋಡುವುದು ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ. ಹಾಗಾಗಿ ಕಾರವಾರದ ಮೀನುಗಾರಿಕೆ ಕಚೇರಿಗೆ ಒಂದು ಅರ್ಜಿ ಕೊಟ್ಟು ಕೈತೊಳೆದುಕೊಂಡರೆ ಆಗುವುದಿಲ್ಲ.

ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ಅಂದ್ರೆ ದಡದ ಮನೆ ಕಟ್ಟುವ ವಿಷಯ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇಳಿತದ ಗೆರೆಯಿಂದ 12 ನಾಟಿಕಲ್ ಮೈಲಿವರೆಗಿನ ನೀರೂ ಅದರ ನಾಲ್ಕನೇ ವಲಯದೊಳಗೆ ಬರುತ್ತದೆ. ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಮೀನು ಹಿಡಿಯುವ ಪ್ರದೇಶ, ಮೀನು ಮರಿ ಮಾಡುವ ಪ್ರದೇಶ, ಮೀನುಗಾರರ ಊರು, ಮೀನು ಒಣಗಿಸುವ ಜಾಗ ಇವನ್ನೆಲ್ಲ ಗುರುತಿಸಬೇಕು ಅಂತ ಅಧಿಸೂಚನೆಯಲ್ಲೇ ಇದೆ. ನಿಮ್ಮ ಊರಿನ ಹಾಳೆಯನ್ನು ಒಮ್ಮೆ ತೆಗೆದು ನೋಡಿ. ನಿಮ್ಮ ಮೀನು ಜಾಗ ಅದರಲ್ಲಿ ಇದೆಯಾ? ಇಲ್ಲದಿದ್ದರೆ ಹಾಕಿ ಅಂತ ಕೇಳುವುದು ನಿಮ್ಮ ಹಕ್ಕು.

ಕೂರುವುದು ಯಾವಾಗ, ಯಾರ ಜೊತೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಬಲೆ ಹೊಲಿಯುತ್ತ ಎಲ್ಲರೂ ಊರಲ್ಲೇ ಇರುತ್ತಾರೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ. ಆಗಸ್ಟ್ ಬಂತೆಂದರೆ ಯಾರೂ ಕೈಗೆ ಸಿಗುವುದಿಲ್ಲ, ಸಿಕ್ಕರೂ ಅರ್ಧ ಕಿವಿ ಹವಾಮಾನದ ಕಡೆ ಇರುತ್ತದೆ.

ಕರೆಯಬೇಕಾದವರು ಬರೀ ಸೊಸೈಟಿಯ ಅಧ್ಯಕ್ಷರು, ಬೋಟಿನ ಮಾಲೀಕರು ಅಲ್ಲ. ಮಾಲೀಕರಲ್ಲಿ ಎಷ್ಟೋ ಮಂದಿ ಸಮುದ್ರಕ್ಕೆ ಹೋಗಿ ವರ್ಷಗಳೇ ಆಗಿರುತ್ತವೆ. ದೋಣಿ ನಡೆಸುವ ತಾಂಡೇಲರು ಬೇಕು. ಪಾತಿ ದೋಣಿಯವರು ಬೇಕು. ಯೆಂಡಿ ಎಳೆಯುವವರು ಬೇಕು. ಸಮುದ್ರಕ್ಕೆ ಹೋಗುವುದು ಬಿಟ್ಟ ಅಜ್ಜಂದಿರು ಬೇಕು, ಅವರ ನೆನಪಿನಲ್ಲಿ ಆಳದ ಲೆಕ್ಕ ಮಾರಿನಲ್ಲಿದೆ (ಒಂದು ಮಾರು ಅಂದರೆ ಸುಮಾರು ಆರು ಅಡಿ). ಹೆಂಗಸರು ಬೇಕೇ ಬೇಕು. ಮೀನು ಒಣಗಿಸುವ ದಡ, ಬಳಚು ಹೆಕ್ಕುವ ಅಳಿವೆ, ಚಿಪ್ಪಿ ಕೀಳುವ ಬಂಡೆ ಇವೆಲ್ಲ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ, ಆದರೆ ಆ ಪಟ್ಟದ ಕಾಗದದಿಂದ ಯಾವ ಅಕ್ಕ ಯಾವ ತಿಂಗಳು ಯಾವ ಮರಳುದಿಬ್ಬದ ಮೇಲೆ ಕೂರುತ್ತಾಳೆ ಅಂತ ತಿಳಿಯುತ್ತದಾ?

ಒಂದೇ ಜಾತಿಯವರು, ಒಂದೇ ಥರದ ಬಲೆಯವರು ಕೂತು ನಕ್ಷೆ ಮಾಡಬೇಡಿ. ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ, ದಾಲ್ಜಿ ಅಂತ ಕೇರಿ ಕೇರಿಗೆ ಬೇರೆ ಬೇರೆ ಕೆಲಸ ಇರುವ ಊರುಗಳು ನಮ್ಮವು. ಒಂದು ಕೇರಿ ಬಿಟ್ಟುಹೋದರೆ, ನಾಳೆ ಸಭೆಯಲ್ಲಿ ಅದೇ ಕೇರಿಯವರು ಎದ್ದು “ಈ ನಕ್ಷೆ ನಮ್ಮದಲ್ಲ” ಅಂದುಬಿಡುತ್ತಾರೆ. ಅಲ್ಲಿಗೆ ಕತೆ ಮುಗೀತು.

ನಕ್ಷೆ ಬರೆಯುವುದು

ದೊಡ್ಡ ಹಾಳೆ ತನ್ನಿ. ನೌಕಾಪಡೆಯ ಜಲಮಾಪನ ವಿಭಾಗದ ಚಾರ್ಟ್ ಸಿಕ್ಕರೆ ಒಳ್ಳೆಯದು, ಆಳದ ಗೆರೆ ಅದರಲ್ಲೇ ಇರುತ್ತದೆ. ಸಿಗದಿದ್ದರೆ ಉಪಗ್ರಹ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ದಡದ ಗುರುತುಗಳನ್ನು ಮೊದಲು ಹಾಕಿ: ದೇವಗಡದ ದೀಪಸ್ತಂಭ, ಕೂರ್ಮಗಡ, ಸದಾಶಿವಗಡದ ಗುಡ್ಡ, ಗಂಗಾವಳಿಯ ಬಾಯಿ, ಬಸವರಾಜದುರ್ಗ, ಮುರ್ಡೇಶ್ವರದ ಶಿವ, ನೇತ್ರಾಣಿ. ಹಳಬರು ಜಾಗ ಹೇಳುವುದು ಎರಡು ಗುರುತು ಕೂಡಿಸಿ, “ಈ ಗುಡ್ಡದ ಮೂಲೆಗೆ ದೀಪ ಸರಿಯಾಗಿ ಬಂದಾಗ, ಆ ಕಡೆ ದೇವಸ್ಥಾನ ಕಾಣುವ ಹೊತ್ತಿಗೆ” ಅಂತ. ಅದನ್ನು ಹಾಗೇ ಬರೆದುಕೊಳ್ಳಿ. ಎರಡು ಗೆರೆ ಎಳೆದರೆ ಅವು ಸೇರುವ ಕಡೆ ಜಾಗ ಸಿಗುತ್ತದೆ, ಆಮೇಲೆ ಯಾರಾದರೂ ದೋಣಿಯಲ್ಲಿ ಹೋಗಿ ಜಿಪಿಎಸ್‌ನಲ್ಲಿ ತಾಳೆ ನೋಡಬಹುದು.

ಬಲೆಗೆ ಒಂದು ಬಣ್ಣ, ಋತುವಿಗೆ ಒಂದು ಹಾಳೆ. ಎಲ್ಲವನ್ನೂ ಒಂದೇ ಹಾಳೆಗೆ ತುರುಕಿದರೆ ಸಮುದ್ರಪೂರ್ತಿ ಬಣ್ಣ ಆಗುತ್ತದೆ. ಪೂರ್ತಿ ಬಣ್ಣದ ನಕ್ಷೆ ಕಂಡ ಅಧಿಕಾರಿ “ಎಲ್ಲ ಕಡೆ ನಿಮ್ಮದೇ ಅಂತೀರಲ್ಲ” ಅಂತ ಪಕ್ಕಕ್ಕೆ ಇಡುತ್ತಾನೆ. ಪ್ರತಿ ಜಾಗಕ್ಕೂ ಒಂದು ಚೀಟಿ ಬರೆಯಿರಿ. ಮಾದರಿಗೆ ಹೀಗೆ:

ಬಲೆ: ಇಸ್ವಾಣದ (ಅಂಜಲ್ ಮೀನಿನ) ತೇಲು ಬಲೆ. ತಿಂಗಳು: ಮಳೆ ಮುಗಿದ ಮೇಲೆ ಜನವರಿವರೆಗೆ. ಆಳ: 15ರಿಂದ 20 ಮಾರು. ಹೊತ್ತು: ರಾತ್ರಿ. ತಳ: ಕೆಸರು, ಅಲ್ಲಲ್ಲಿ ಬಂಡೆ. ಬಲೆ ಬಿಟ್ಟ ಮೇಲೆ ನೀರಿನ ಸೆಳವಿಗೆ ಯಾವ ಕಡೆ ಎಷ್ಟು ದೂರ ಸರಿಯುತ್ತದೆ. ಯಾವ ಯಾವ ಊರಿನವರು ಬರುತ್ತಾರೆ. ಸರಿಸುಮಾರು ಎಷ್ಟು ದೋಣಿ.

ಆ ಸೆಳವಿನ ಸಾಲನ್ನು ಯಾರೂ ಬರೆಯುವುದಿಲ್ಲ. ಅತಿ ಮುಖ್ಯವಾದದ್ದೇ ಅದು. ತೇಲು ಬಲೆ ಬಿಟ್ಟ ಜಾಗ ಬೇರೆ, ಎತ್ತುವ ಜಾಗ ಬೇರೆ. ನಡುವೆ ಒಂದು ಕಂಬ ಬಂದರೂ ಬಲೆ ಹೋಯಿತು. ಆದ್ದರಿಂದ ಚುಕ್ಕೆ ಹಾಕಬೇಡಿ, ಬಿಟ್ಟಲ್ಲಿಂದ ಎತ್ತುವವರೆಗಿನ ಪೂರ್ತಿ ಪಟ್ಟಿ ಬಿಡಿಸಿ.

ಮೀನು ಹಿಡಿಯದ ಜಾಗವೂ ನಕ್ಷೆಗೆ ಬರಬೇಕು. ಗಾಳಿ ಎದ್ದಾಗ ಓಡಿಬರುವ ದಾರಿ ಮೊದಲನೆಯದು. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಹೊರಗಿನ ಬೋಟುಗಳೂ ಕಾರವಾರದ ಬಂದರಿಗೆ ಬಂದು ಆಶ್ರಯ ಪಡೆದಿದ್ದವು. ಕತ್ತಲಲ್ಲಿ, ಮಳೆಯಲ್ಲಿ, ಎಂಜಿನ್ ಅರ್ಧ ಕೈಕೊಟ್ಟಾಗ ಯಾವ ದಾರಿಯಲ್ಲಿ ಒಳಗೆ ಬರುತ್ತೀರಿ ಅನ್ನೋದನ್ನು ಗೆರೆ ಎಳೆದು ತೋರಿಸಿ. ಅಳಿವೆಯ ಬಾಯಲ್ಲಿ ಹೂಳು ತುಂಬಿ ದಾರಿ ತಿರುಗಿದ್ದರೆ ಅದೂ ಇರಲಿ. ಪುಷ್ಯ ಮಾಸದಲ್ಲಿ ಕೂರ್ಮಗಡದ ನರಸಿಂಹನ ಜಾತ್ರೆಗೆ ದೋಣಿ ಹೋಗುವ ದಾರಿಯನ್ನೂ ಹಾಕಿ. ಒಂದು ದಿನದ್ದಾದರೇನು, ಅದು ಬಳಕೆಯೇ ತಾನೆ.

ಮಳೆಗಾಲದ ಹಾಳೆ ಮರೆಯಬೇಡಿ. ದೊಡ್ಡ ಬೋಟು ಕಟ್ಟಿಹಾಕಿದ ಎರಡು ತಿಂಗಳು ಸಮುದ್ರ ಖಾಲಿ ಅಂತ ಕಚೇರಿಯವರು ತಿಳಿದಿರುತ್ತಾರೆ. ನಾಡದೋಣಿಯವರು ಅಳಿವೆಯ ಬಾಯಲ್ಲಿ, ದಡದ ಹತ್ತಿರ ಶೆಟ್ಲಿ (ಸಿಗಡಿ), ತಾರ್ಲೆ (ಬೂತಾಯಿ) ಹಿಡಿದು ಜೀವನ ಮಾಡುವುದು ಆವಾಗಲೇ.

ಜಿಪಿಎಸ್ ಅಂಕಿ ಬರೆಯುವಾಗ ಹುಷಾರು

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನಕ್ಷೆ ಕೆಡುವುದು ಇಲ್ಲೇ ಜಾಸ್ತಿ. ಬೋಟಿನ ಜಿಪಿಎಸ್ ಡಿಗ್ರಿ, ಮಿನಿಟು ತೋರಿಸುತ್ತದೆ. ಮೊಬೈಲು ಬರೀ ಡಿಗ್ರಿಯನ್ನು ದಶಮಾಂಶದಲ್ಲಿ ತೋರಿಸುತ್ತದೆ. ತಾಂಡೇಲ “ಹದಿನಾಲ್ಕು, ನಲವತ್ತೆಂಟೂವರೆ” ಅಂದ ಅಂದುಕೊಳ್ಳಿ. ಅಂದರೆ 14 ಡಿಗ್ರಿ 48.5 ಮಿನಿಟು. ಕಂಪ್ಯೂಟರ್ ಮುಂದೆ ಕೂತ ಹುಡುಗ ಅದನ್ನು ಸುಮ್ನೆ 14.485 ಅಂತ ಕುಟ್ಟಿದರೆ ಆ ಜಾಗ ಸುಮಾರು 36 ಕಿಲೋಮೀಟರ್ ದಕ್ಷಿಣಕ್ಕೆ ಹಾರುತ್ತದೆ. ಕಾರವಾರದವರ ಬಲೆ ಗೋಕರ್ಣ, ಕುಮಟಾ ನಡುವಿನ ನೀರಿನಲ್ಲಿ ಬಿದ್ದಿರುತ್ತದೆ. ಮಿನಿಟನ್ನು 60ರಿಂದ ಭಾಗಿಸಬೇಕು: 48.5 ಭಾಗಿಸು 60 ಅಂದರೆ 0.8083. ಸರಿಯಾದ ಅಂಕಿ 14.8083. ಪೂರ್ವ ದಿಕ್ಕಿನ (ರೇಖಾಂಶದ) ಅಂಕಿಗೂ ಇದೇ ಲೆಕ್ಕ. ಒಂದು ತಪ್ಪು ಚುಕ್ಕೆ ಸಿಕ್ಕರೆ ಸಾಕು, ಎದುರಿನ ವಕೀಲ ಇಡೀ ನಕ್ಷೆಯನ್ನೇ ಅಲ್ಲಗಳೆಯುತ್ತಾನೆ. ಹಾಗಾಗಿ ಬರೆದದ್ದನ್ನು ಹೇಳಿದ ತಾಂಡೇಲನಿಗೇ ವಾಪಸ್ ತೋರಿಸಿ, “ಅಣ್ಣ, ಇದು ನೀನು ಹೇಳಿದ ಜಾಗವೇನಾ” ಅಂತ ಕೇಳಿ.

“ನಮ್ಮ ಜಾಗ ಎಲ್ಲರಿಗೂ ಗೊತ್ತಾಗುತ್ತದಲ್ಲ?”

ಈ ಪ್ರಶ್ನೆ ಬಂದೇ ಬರುತ್ತದೆ. ಒಳ್ಳೆ ಇಸ್ವಾಣ ಸಿಗುವ ಬಂಡೆಯನ್ನು ಸ್ವಂತ ಭಾವನಿಗೂ ಹೇಳದ ತಾಂಡೇಲರಿದ್ದಾರೆ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ.

ಇದಕ್ಕೆ ದಾರಿ ಇದೆ. ನಕ್ಷೆಯ ಮೇಲೆ ಎರಡೆರಡು ಮಿನಿಟಿನ ಚೌಕ ಹಾಕಿ, ಒಂದೊಂದಕ್ಕೂ ನಂಬರ್ ಕೊಡಿ. ಉತ್ತರ–ದಕ್ಷಿಣ ಒಂದು ಮಿನಿಟು ಅಂದರೆ ಒಂದು ನಾಟಿಕಲ್ ಮೈಲಿ, ಹಾಗಾಗಿ ಒಂದು ಚೌಕ ಸುಮಾರು 3.7 ಕಿಲೋಮೀಟರ್ ಉದ್ದ ಬರುತ್ತದೆ. ತಾಂಡೇಲ ಬಂಡೆ ತೋರಿಸುವುದು ಬೇಡ, ಚೌಕ ತೋರಿಸಿದರೆ ಸಾಕು. ಜಾಸ್ತಿ ಬಳಕೆ, ನಡುವಿನ ಬಳಕೆ, ಕಡಿಮೆ ಬಳಕೆ ಅಂತ ಮೂರು ಬಣ್ಣ. ಹೊರಗೆ ಕೊಡುವುದು ಈ ಚೌಕದ ನಕ್ಷೆ. ಬಂಡೆ, ಗುರುತು ಎಲ್ಲ ಇರುವ ವಿವರದ ಹಾಳೆಯನ್ನು ಸೊಸೈಟಿಯ ಕಪಾಟಿನಲ್ಲಿ ಬೀಗ ಹಾಕಿಡಿ. ಕೊನೆಗೆ ಕೋರ್ಟಿಗೋ ಪರಿಹಾರದ ಲೆಕ್ಕಕ್ಕೋ ಬೇಕಾದರೆ ಆವಾಗ ತೆಗೆದರಾಯ್ತು.

ಕಡಿಮೆ ಬಳಕೆಯ ಚೌಕಗಳನ್ನು ಪ್ರಾಮಾಣಿಕವಾಗಿ ತೋರಿಸಿ. ಇದು ಬಹಳ ಜನಕ್ಕೆ ಇಷ್ಟ ಆಗುವುದಿಲ್ಲ ಅಂತ ಗೊತ್ತು. ಆದರೆ “ಇಲ್ಲಿ ಬೇಡ” ಅನ್ನುವ ಜೊತೆಗೆ “ಬರಲೇಬೇಕಾದರೆ ಅಲ್ಲಿ ನೋಡಿ” ಅಂತ ತೋರಿಸಬಲ್ಲ ಊರಿನ ಮಾತನ್ನು ತಳ್ಳಿಹಾಕುವುದು ಕಷ್ಟ.

ಕಾಗದದ ಪುರಾವೆ

ನಕ್ಷೆಯ ಬೆನ್ನಿಗೆ ದಾಖಲೆ ಇರಲಿ. ದೋಣಿಯ ನೋಂದಣಿ, ಮೀನುಗಾರಿಕೆ ಪರವಾನಗಿ, ಡೀಸೆಲ್ ಪಾಸ್‌ಬುಕ್, ಮೀನು ಹರಾಜಿನ ಚೀಟಿ, ಸೊಸೈಟಿಯ ಲೆಕ್ಕ, ಐಸ್ ತಂದ ಬಿಲ್ಲು. ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕಳಿಸುವ ಮೀನು ಸಿಗುವ ಪ್ರದೇಶದ ಸೂಚನೆಗಳಲ್ಲಿ ದಿಕ್ಕು, ದೂರ, ಆಳ ಇರುತ್ತದೆ. ಅದರಂತೆ ಹೋಗಿ ಹಿಡಿದದ್ದಿದ್ದರೆ ಆ ತಾರೀಖನ್ನೂ ಬರೆದಿಡಿ. ನಾಡದೋಣಿಯವರ ಹತ್ತಿರ ಇಂಥ ಕಾಗದ ಬಹಳ ಕಡಿಮೆ. ಅವರಿಗಾಗಿ ಇವತ್ತೇ ಒಂದು ನೋಟ್‌ಬುಕ್ ಶುರುಮಾಡಿ: ದಿನ, ಚೌಕ, ಬಲೆ, ಮೀನು, ಎಷ್ಟು ಬುಟ್ಟಿ. ಶಾಲೆಗೆ ಹೋಗುವ ಮಕ್ಕಳು ಬರೆದರೂ ನಡೆಯುತ್ತದೆ.

ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಮುದ್ರ ಜೀವಶಾಸ್ತ್ರ ವಿಭಾಗ ಇದೆ, ಕಾರವಾರದಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಅಲ್ಲಿಯವರನ್ನು ಕರೆದು ನಕ್ಷೆ ತೋರಿಸಿ, ತಿದ್ದಿಸಿಕೊಳ್ಳಿ. ಅವರು ಸಹಿ ಹಾಕಲೇಬೇಕು ಅಂತ ಹಟ ಹಿಡಿಯಬೇಡಿ.

ನಮ್ಮೊಳಗಿನ ಜಗಳ ಮೊದಲು ಮುಗಿಸಿ

ರಂಪಣಿಯ ಕತೆ ನೆನಪಿಸಿಕೊಳ್ಳಿ. ಊರಿಗೆ ಊರೇ ಸೇರಿ ಎಳೆಯುತ್ತಿದ್ದ ಬಲೆ ಅದು. ಎಪ್ಪತ್ತರ ದಶಕದಲ್ಲಿ, ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟು ಬಂದ ಮೇಲೆ ಬಂಗಡೆ, ತಾರ್ಲೆಯ ಹಿಂಡು ದಡಕ್ಕೆ ಬರುವ ಮೊದಲೇ ಹೊರಗೇ ಖಾಲಿ ಆಗತೊಡಗಿತು, ರಂಪಣಿ ಮೂಲೆ ಸೇರಿತು. ಆ ಜಾಗದ ಹಂಚಿಕೆ ಕೆಟ್ಟಿದ್ದು ಯಾವ ಗಾಳಿಯಂತ್ರದಿಂದಲೂ ಅಲ್ಲ. ಇವತ್ತಿಗೂ ಬೆಳಕು ಹಾಕಿ ಮೀನು ಹಿಡಿಯುವುದು, ದಡದ ಹತ್ತಿರ ಟ್ರಾಲ್ ಎಳೆಯುವುದು, ಮಲ್ಪೆಯವರು, ಗೋವಾದವರು ಅಂತ ಗಲಾಟೆ ನಿಂತಿಲ್ಲ.

ಟ್ರಾಲ್ ಬೋಟಿನವರ ನಕ್ಷೆ ಒಂದು, ನಾಡದೋಣಿಯವರ ನಕ್ಷೆ ಇನ್ನೊಂದು ಅಂತ ಬೇರೆ ಬೇರೆ ಕೊಟ್ಟರೆ ಕಂಪನಿಯವರು ಒಬ್ಬರ ಜೊತೆ ಒಪ್ಪಂದ ಮಾಡಿಕೊಂಡು ಇನ್ನೊಬ್ಬರನ್ನು ಬಿಡುತ್ತಾರೆ. ಅದು ಅವರಿಗೆ ಬಹಳ ಸುಲಭ. ಜಗಳ ಇರುವ ಚೌಕಗಳನ್ನು “ಇಬ್ಬರೂ ಬಳಸುವ ಜಾಗ, ತಕರಾರು ಇದೆ” ಅಂತಲೇ ಬರೆದು ಇಬ್ಬರೂ ಸಹಿ ಹಾಕಿ.

ಬಾಯಿಮಾತಿನ ಒಪ್ಪಂದವನ್ನು ಕಾಗದಕ್ಕೆ ತಂದರೆ ಏನಾಗಬಹುದು ಅನ್ನುವುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ಕಡೆಯ ಉದಾಹರಣೆ ನನಗೆ ಬಹಳ ಇಷ್ಟ. ಅಲ್ಲಿ ಬೋನು ಇಟ್ಟು ಹಿಡಿಯುವವರೂ ಬಲೆ ಎಳೆಯುವವರೂ ಒಬ್ಬರಿಗೊಬ್ಬರು ತೊಡಕಾಗದಂತೆ ಪೂರ್ವ–ಪಶ್ಚಿಮ ಸಾಲುಗಳಲ್ಲಿ ಜಾಗ ಹಂಚಿಕೊಂಡಿದ್ದರು. ಗಾಳಿಯಂತ್ರ ಬರುತ್ತದೆ ಅಂದಾಗ ಅದನ್ನು ಮುಂದಿಟ್ಟು ಪಟ್ಟು ಹಿಡಿದರು. ಕೊನೆಗೆ 2019ರಲ್ಲಿ ಕಂಪನಿಗಳು ಕಂಬಗಳನ್ನು ಪೂರ್ವ–ಪಶ್ಚಿಮ ಸಾಲಿನಲ್ಲಿ, ಒಂದೊಂದು ನಾಟಿಕಲ್ ಮೈಲಿ ಅಂತರದಲ್ಲಿ ನಿಲ್ಲಿಸಲು ಒಪ್ಪಿದವು, ಮರುವರ್ಷ ಅಲ್ಲಿಯ ಕೋಸ್ಟ್ ಗಾರ್ಡ್ ಕೂಡ ಅದೇ ಜೋಡಣೆ ಶಿಫಾರಸು ಮಾಡಿತು. ಅಲ್ಲಿಯ ಮೀನುಗಾರರೆಲ್ಲ ಅದರಿಂದ ಖುಷಿಯಾದರು ಅಂತಲ್ಲ. ಆದರೆ ಕಂಬದ ಸಾಲು ಬಲೆಯ ಸಾಲನ್ನು ನೋಡಿ ತಿರುಗಿತು.

ಗಾಳಿಯಂತ್ರ ಎಷ್ಟು ಜಾಗ ತಿನ್ನುತ್ತದೆ

ಕಂಬ ನಿಂತ ಜಾಗ ಸಣ್ಣದು. ಕಂಬಗಳ ನಡುವಿನ ಜಾಗ ದೊಡ್ಡದು. ಈಗಿನ ಯಂತ್ರಗಳ ರೆಕ್ಕೆ ತಿರುಗುವ ವೃತ್ತದ ಅಗಲವೇ 200 ಮೀಟರ್ ದಾಟಿದೆ. ಒಂದರ ಗಾಳಿ ಇನ್ನೊಂದಕ್ಕೆ ಕೆಡಬಾರದು ಅಂತ ಸುಮಾರು ಒಂದು ಕಿಲೋಮೀಟರ್ ಅಥವಾ ಅದಕ್ಕಿಂತ ಜಾಸ್ತಿ ದೂರ ಬಿಡುತ್ತಾರೆ. 10 ಮೆಗಾವಾಟಿನ ಯಂತ್ರ ಅಂತ ಹಿಡಿದರೆ 500 ಮೆಗಾವಾಟಿಗೆ 50 ಕಂಬ. ಒಂದೊಂದಕ್ಕೆ ಒಂದು ಚದರ ಕಿಲೋಮೀಟರ್ ಅಂದರೂ 50 ಚದರ ಕಿಲೋಮೀಟರ್, ನಿಜದಲ್ಲಿ ಇದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಸಮುದ್ರತಳಕ್ಕೆ ನೇರ ಹುಗಿಯುವ ಕಂಬಗಳು ಸಾಮಾನ್ಯವಾಗಿ 50–60 ಮೀಟರ್ ಆಳದವರೆಗೆ, ಅಂದರೆ 30 ಮಾರಿನ ಆಸುಪಾಸಿನವರೆಗೆ. ಅದಕ್ಕಿಂತ ಆಳದಲ್ಲಿ ತೇಲುವ ಬುಡದ ಮೇಲೆ ನಿಲ್ಲಿಸುವ ಯಂತ್ರ ಬೇಕು, ಅದು ದುಬಾರಿ. ನಮ್ಮ ಕಡೆ ಸಮುದ್ರ ನಿಧಾನವಾಗಿ ಆಳವಾಗುತ್ತದೆ, ಹಾಗಾಗಿ 30 ಮಾರಿನೊಳಗೆ ನಾಡದೋಣಿಯೂ ಬರುತ್ತದೆ, ಟ್ರಾಲೂ ಬರುತ್ತದೆ, ಪರ್ಸಿನ್ನೂ ಬರುತ್ತದೆ.

ಈಗ ಕೇಳಬೇಕಾದ ಮುಖ್ಯ ಪ್ರಶ್ನೆ: ಕಂಬದ ಸುತ್ತ ಎಷ್ಟು ದೂರ ಹೋಗಬಾರದು? ಅಂತರರಾಷ್ಟ್ರೀಯ ಸಮುದ್ರ ಕಾನೂನಿನಲ್ಲಿ ಇಂಥ ಸುರಕ್ಷಾ ವಲಯ 500 ಮೀಟರ್‌ವರೆಗೆ ಇರಬಹುದು. ಬ್ರಿಟನ್ನಿನಲ್ಲಿ ಕಾಮಗಾರಿ ನಡೆಯುವಾಗ 500 ಮೀಟರ್, ಯಂತ್ರ ಓಡಲು ಶುರುವಾದ ಮೇಲೆ ವಲಯ ಇಟ್ಟರೂ ಸುಮಾರು 50 ಮೀಟರ್, ಅಲ್ಲಿ ಕಂಬಗಳ ನಡುವೆ ಮೀನು ಹಿಡಿಯಲು ಕಾನೂನಿನ ಅಡ್ಡಿ ಇಲ್ಲ. ಬೆಲ್ಜಿಯಂನಲ್ಲಿ ಮೀನುಗಾರರನ್ನು ಒಳಗೇ ಬಿಡುವುದಿಲ್ಲ. ಲೆಕ್ಕ ಹಾಕಿ ನೋಡಿ. ಕಂಬಗಳ ನಡುವೆ ಒಂದು ಕಿಲೋಮೀಟರ್ ಇದ್ದು, ಪ್ರತಿ ಕಂಬದ ಸುತ್ತ 50 ಮೀಟರ್ ಬಿಟ್ಟರೆ 900 ಮೀಟರ್ ದಾರಿ ಸಿಗುತ್ತದೆ. 500 ಮೀಟರ್ ಬಿಟ್ಟರೆ? ಈ ಕಡೆಯ 500, ಆ ಕಡೆಯ 500, ನಡುವೆ ಉಳಿಯುವುದು ಸೊನ್ನೆ. ಒಂದು ಅಂಕಿಯ ಮೇಲೆ ಇಡೀ ಜಾಗ ತೆರೆದಿರುತ್ತದೋ ಮುಚ್ಚುತ್ತದೋ ಅನ್ನೋದು ನಿಂತಿದೆ. “ಮೀನುಗಾರರಿಗೆ ತೊಂದರೆ ಆಗುವುದಿಲ್ಲ” ಅಂತ ಯಾರು ಹೇಳಿದರೂ ಈ ಅಂಕಿ ಬರೆದುಕೊಡಿ ಅನ್ನಿ.

ಹೋಗಬಹುದು ಅಂದಮಾತ್ರಕ್ಕೆ ಬಲೆ ಬಿಡಬಹುದು ಅಂತಲ್ಲ. ಗಾಳ ಹಾಕುವವರಿಗೆ ಕಂಬಗಳ ನಡುವೆ ಅಷ್ಟು ಕಷ್ಟವಿಲ್ಲ. ಕಂಬದ ಬುಡದ ಕಲ್ಲಿಗೆ ಮೀನು ಸೇರುವುದೂ ನಿಜ. ಟ್ರಾಲ್ ಎಳೆಯುವವರಿಗೆ ಕೇಬಲ್ಲಿನ ಭಯ, ಬಲೆ ಸಿಕ್ಕರೆ ಬೋಟೇ ಮಗುಚಬಹುದು. ಪರ್ಸಿನ್ ಸುತ್ತುಹಾಕಲು ಜಾಗ ಬೇಕು. ಕಿಲೋಮೀಟರ್‌ಗಟ್ಟಲೆ ಉದ್ದದ ತೇಲು ಬಲೆಗೆ ಅಲ್ಲಿ ಆಸ್ಪದವೇ ಇಲ್ಲ ಅನ್ನಬಹುದು. ಹಾಗಾಗಿ ಬಲೆಬಲೆಗೆ ಬೇರೆ ಉತ್ತರ ಕೇಳಬೇಕು.

ಇನ್ನು ಕೇಬಲ್. ಯಂತ್ರ 12 ಮೈಲಿಯ ಆಚೆ ನಿಂತರೂ ಕರೆಂಟು ದಡಕ್ಕೆ ಬರಲೇಬೇಕಲ್ಲ. ಬರುವುದು ನಾಡದೋಣಿಯವರ ನೀರನ್ನು ಸೀಳಿಕೊಂಡು, ಮೀನು ಒಣಗಿಸುವ ಯಾವುದೋ ಮರಳಿನ ಮೇಲೆ. ಎಲ್ಲಿ ದಡ ಹತ್ತುತ್ತದೆ, ಎಷ್ಟು ಆಳಕ್ಕೆ ಹುಗಿಯುತ್ತಾರೆ, ಮಳೆಗಾಲದಲ್ಲಿ ಕಡಲು ಕೊರೆದು ಕೇಬಲ್ ಮೇಲೆ ಬಂದರೆ ಯಾರು ನೋಡುತ್ತಾರೆ, ಇವನ್ನು ದಡದ ಊರಿನವರು ಕೇಳಬೇಕು.

ನಮ್ಮ ಪಶ್ಚಿಮ ಕರಾವಳಿಗೆ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಒತ್ತಿ ಹೇಳಬೇಕು. ಜೋರು ಗಾಳಿ ಇರುವುದು ಮಳೆಗಾಲದಲ್ಲಿ. ಆದರೆ ಆ ಅಲೆಯಲ್ಲಿ ಕಂಬ ನಿಲ್ಲಿಸುವ ಹಡಗು ಕೆಲಸ ಮಾಡಲಾರದು. ಹಾಗಾದರೆ ಕಾಮಗಾರಿ ಯಾವಾಗ? ಸಮುದ್ರ ಶಾಂತವಾಗಿರುವ ಅಕ್ಟೋಬರ್‌ನಿಂದ ಮೇ ನಡುವೆ. ಅಂದರೆ ಸರಿಯಾಗಿ ನಮ್ಮ ಹಂಗಾಮಿನಲ್ಲೇ. ಕಂಬ ಬಡಿಯುವ ಸದ್ದು ನೀರಿನಡಿ ಬಹಳ ದೂರ ಹೋಗುತ್ತದೆ, ಸದ್ದು ತಗ್ಗಿಸಲು ಸುತ್ತ ಗಾಳಿಗುಳ್ಳೆಯ ಪರದೆ ಎಬ್ಬಿಸುವ ಪದ್ಧತಿ ಯುರೋಪಿನಲ್ಲಿದೆ. ಯಾವ ತಿಂಗಳು, ಯಾವ ಚೌಕದಲ್ಲಿ, ಎಷ್ಟು ದಿನ ಕೆಲಸ ಅಂತ ತಿಂಗಳವಾರು ಪಟ್ಟಿ ಕೇಳಿ, ನಿಮ್ಮ ಋತುವಿನ ಹಾಳೆಯ ಪಕ್ಕ ಇಟ್ಟು ನೋಡಿ. ಪರಿಹಾರದ ಮಾತು ಬರಬೇಕಾದದ್ದು ಇಲ್ಲಿ.

ಕೊಡುವುದು ಎಲ್ಲಿ, ಕೇಳುವುದು ಹೇಗೆ

ಚೌಕದ ನಕ್ಷೆ, ಚೀಟಿಗಳು, ಸಹಿ ಮಾಡಿದ ಪತ್ರ, ಇಷ್ಟನ್ನು ಮೀನುಗಾರಿಕೆ ಇಲಾಖೆಯ ಜಿಲ್ಲಾ ಕಚೇರಿ, ಜಿಲ್ಲಾಧಿಕಾರಿ, ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ, ಚೆನ್ನೈನ ಪವನ ಶಕ್ತಿ ಸಂಸ್ಥೆ, ನಾಲ್ಕೂ ಕಡೆ ಕೊಡಿ. ಸ್ವೀಕೃತಿ ಸೀಲು ಇಲ್ಲದೆ ವಾಪಸ್ ಬರಬೇಡಿ. ದೂರದವರಿಗೆ ಸ್ಪೀಡ್ ಪೋಸ್ಟ್. ಸಿಆರ್‌ಝೆಡ್ ಅಧಿಸೂಚನೆಯ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಸಮಿತಿ ಇರಬೇಕು, ಅದರಲ್ಲಿ ಮೀನುಗಾರರೂ ಸೇರಿ ಸ್ಥಳೀಯ ಸಮುದಾಯದ ಕನಿಷ್ಠ ಮೂವರು ಇರಬೇಕು. ನಮ್ಮ ಜಿಲ್ಲೆಯಲ್ಲಿ ಆ ಮೂವರು ಯಾರು ಅಂತ ಕೇಳಿ ತಿಳಿದು, ಅವರ ಮನೆಗೇ ಹೋಗಿ ಒಂದು ಪ್ರತಿ ಕೊಡಿ.

ಪತ್ರ ಉದ್ದ ಬೇಡ. “ಈ ನಕ್ಷೆಯಲ್ಲಿ ತೋರಿಸಿದ ಚೌಕಗಳಲ್ಲಿ ನಮ್ಮ ಊರಿನವರು ಹಿಂದಿನಿಂದ ಮೀನು ಹಿಡಿಯುತ್ತಿದ್ದೇವೆ. ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲೂ, ಮುಂದೆ ಸಮುದ್ರದ ಜಾಗಕ್ಕೆ ಸಂಬಂಧಿಸಿ ಮಾಡುವ ಯಾವುದೇ ಯೋಜನೆಯಲ್ಲೂ ಇದನ್ನು ಸೇರಿಸಬೇಕು. ಸೇರಿಸಲು ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.” ಇಷ್ಟು ಸಾಕು. ಕೊನೆಯ ವಾಕ್ಯ ಮಾತ್ರ ಬಿಡಬೇಡಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅದು ಗೊತ್ತಿಲ್ಲದೆ ನಾಲ್ಕು ವಿಷಯ ತುರುಕಿದ ಅರ್ಜಿಗಳು ವಾಪಸ್ ಬರುತ್ತವೆ. “ನಾವು ಇಂಥ ದಿನ ಕೊಟ್ಟ ನಕ್ಷೆಯ ಮೇಲೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಪ್ರತಿ ಕೊಡಿ” ಅಂತ ಕೇಳಿದರೆ ಕಡತ ಅಲುಗಾಡುತ್ತದೆ.

ಸಾರ್ವಜನಿಕ ಅಹವಾಲು ಸಭೆ ಇಟ್ಟರೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಆ 30 ದಿನದಲ್ಲಿ ಮಾಡುವ ಕೆಲಸ ಒಂದೇ: ವರದಿಯ ನಕ್ಷೆಯ ಮೇಲೆ ನಿಮ್ಮ ಚೌಕದ ನಕ್ಷೆ ಇಟ್ಟು ಎಲ್ಲೆಲ್ಲಿ ಒಂದರ ಮೇಲೊಂದು ಬೀಳುತ್ತದೆ ನೋಡುವುದು. ಸಭೆಯಲ್ಲಿ ಹತ್ತು ಜನ ಒಂದೇ ಮಾತು ಹೇಳುವ ಬದಲು ಒಬ್ಬೊಬ್ಬರು ಒಂದೊಂದು ಚೌಕದ ಬಗ್ಗೆ ಮಾತಾಡಿ. ಒಬ್ಬ ತೇಲು ಬಲೆಯ ಸೆಳವು ಹೇಳಲಿ, ಒಬ್ಬಳು ಕೇಬಲ್ ಬರುವ ದಡದ ಬಗ್ಗೆ ಹೇಳಲಿ, ಇನ್ನೊಬ್ಬ ಚಂಡಮಾರುತದ ದಾರಿ ಹೇಳಲಿ. ಸಭೆ ಮುಗಿಯುವಾಗ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು, ಜಿಲ್ಲಾಧಿಕಾರಿ ಅವತ್ತೇ ಸಹಿ ಹಾಕಬೇಕು ಅಂತ ನಿಯಮ ಇದೆ. ಎಷ್ಟೋ ಕಡೆ ಗಲಾಟೆಯಲ್ಲಿ ಜನ ಎದ್ದು ಹೋಗಿಬಿಡುತ್ತಾರೆ, ಓದುವುದೇ ಇಲ್ಲ. ಕೂತಿರಿ. ನಿಮ್ಮ ಚೌಕದ ನಂಬರ್ ಅದರಲ್ಲಿ ಬರದಿದ್ದರೆ ಅಲ್ಲೇ ಎದ್ದು ಹೇಳಿ.

ಷರತ್ತುಗಳು

ಯೋಜನೆ ಬಂದೇ ಬರುತ್ತದೆ ಅಂತಾದರೆ ಬಾಯಿಮಾತಿನ ಭರವಸೆ ಬೇಡ, ಪರವಾನಗಿಯ ಷರತ್ತಿನಲ್ಲಿ ಬರಲಿ. ಕನ್ನಡ, ಕೊಂಕಣಿ ಬಲ್ಲ, ಸಮುದ್ರ ಗೊತ್ತಿರುವ ಒಬ್ಬ ಸಂಪರ್ಕ ವ್ಯಕ್ತಿ ಕಂಪನಿಯ ಸಂಬಳದಲ್ಲಿ ಊರಲ್ಲೇ ಇರಬೇಕು. ಬಲೆ ಹರಿದರೆ ದೂರು ಎಲ್ಲಿ, ಎಷ್ಟು ದಿನದಲ್ಲಿ ದುಡ್ಡು ಅಂತ ಬರೆದಿರಬೇಕು. ಪರಿಹಾರ ಬೋಟಿನ ಮಾಲೀಕರಿಗೆ ಮಾತ್ರ ಅಲ್ಲ, ಬೋಟಿನಲ್ಲಿ ದುಡಿಯುವವರಿಗೂ ಮೀನು ಮಾರುವ, ಒಣಗಿಸುವ ಹೆಂಗಸರಿಗೂ ಇರಬೇಕು. ಈ ಕೊನೆಯದಕ್ಕೆ ಅತಿ ಜಾಸ್ತಿ ಜಗ್ಗಾಡಬೇಕಾಗುತ್ತದೆ. ಯಂತ್ರದ ಆಯಸ್ಸು ಮುಗಿದ ಮೇಲೆ ಕಂಬ ಕೀಳುವ ಖರ್ಚನ್ನು ಮೊದಲೇ ಠೇವಣಿ ಇಡಬೇಕು. ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ ನಿಲ್ಲಿಸಿದ ಜಗತ್ತಿನ ಮೊದಲ ಸಮುದ್ರ ಗಾಳಿಯಂತ್ರಗಳನ್ನು 2017ರಲ್ಲಿ ಕಿತ್ತರು, ಹನ್ನೊಂದೇ ಯಂತ್ರ. ಐವತ್ತು ಕೀಳುವುದು ಬೇರೆ ಮಾತು. ರೆಕ್ಕೆ ಮುರಿದು ಚೂರು ದಡಕ್ಕೆ ಬಂದರೆ ಯಾರು ಹೆಕ್ಕುತ್ತಾರೆ ಅಂತಲೂ ಬರೆಸಿಕೊಳ್ಳಿ. 2024ರ ಜುಲೈನಲ್ಲಿ ಅಮೆರಿಕದ ನಾಂಟಕೆಟ್ ದಡದಲ್ಲಿ ಹಾಗೇ ಆಗಿತ್ತು.

ಪ್ರತಿ ವರ್ಷ ಒಮ್ಮೆ

ಮೀನು ಒಂದೇ ಕಡೆ ನಿಲ್ಲುವುದಿಲ್ಲ. ತಾರ್ಲೆ ಒಂದು ವರ್ಷ ಬಂದು ಇನ್ನೆರಡು ವರ್ಷ ಮುಖ ತೋರಿಸದೇ ಇರಬಹುದು. ಹಳೆ ನಕ್ಷೆ ಹಿಡಿದು ವಾದ ಮಾಡಿದರೆ ಇವತ್ತು ಅಲ್ಲಿ ಒಂದೂ ದೋಣಿ ಇಲ್ಲ ಅಂತ ಫೋಟೋ ತೋರಿಸುತ್ತಾರೆ. ಪ್ರತಿ ಜೂನ್‌ನಲ್ಲಿ ಅದೇ ಗುಂಪು ಮತ್ತೆ ಕೂತು ಹೋದ ವರ್ಷದ ನೋಟ್‌ಬುಕ್ ನೋಡಿ ಚೌಕಗಳ ಬಣ್ಣ ತಿದ್ದಲಿ. ಹಳೆಯ ಹಾಳೆ ಹರಿಯಬೇಡಿ. ಮೇಲೆ ವರ್ಷ ಬರೆದು, ಕೆಳಗೆ ಕೂತವರ ಸಹಿ ಹಾಕಿಸಿ ಅದೇ ಕಪಾಟಿನಲ್ಲಿ ಇಡಿ. ಹೊಸದರ ಪ್ರತಿ ಮತ್ತೆ ಆ ನಾಲ್ಕೂ ಕಚೇರಿಗೆ ಹೋಗಬೇಕು, ಸೀಲಿನ ಸಮೇತ.